ಮುಂದೆ ಯಾರೋ ಇದ್ದಾರೆ

"ಫಾದರ್, ಸ್ವಲ್ಪ ಮೆಲ್ಲಗೆ! ಆ ಸ್ಕ್ರೀನ್ ಮೇಲೆ ಬೇಡ!" ಎಂದು ಆಂಗೆಲ್ ಕೂಗುವಷ್ಟರಲ್ಲಿ ಪಾದ್ರಿ ಸೊಫ್ರೋನಿ ಕಾಮಕಸ್ತೂರಿಯ ಕಟ್ಟನ್ನು ತೀರ್ಥದ ಬಕೆಟ್ಟಿಗೆ ಅದ್ದಿ ಹೊಸ ಕಾರಿನೊಳಕ್ಕೆ ಬೀಸಿಯಾಗಿತ್ತು.

"ಪುಣ್ಯದ ಕೆಲಸಕ್ಕೆ ಕೈ ಬಿಗಿ ಹಿಡೀಬಾರದಯ್ಯ. ಹೋದ ವಾರ ಟ್ರ್ಯಾಕ್ಟರ್ ಮೇಲೆ ಅರ್ಧ ಬಕೆಟ್ ಸುರಿದೆ, ಅದು ತುಟಿಪಿಟಕ್ಕೆನ್ನಲಿಲ್ಲ."

"ಟ್ರ್ಯಾಕ್ಟರ್‌ಗೆ ತಲೆ ಇಲ್ಲ ಫಾದರ್. ಇದಕ್ಕಿದೆ!"

"ತಲೆ ಇದ್ದೋರಿಗೇ ಜಾಸ್ತಿ ಬೇಕಾಗಿರೋದು," ಎಂದು ಪಾದ್ರಿ ಬಾನೆಟ್ಟಿನ ಕಡೆ ಹೊರಟ.

ಆಂಗೆಲ್ ಹಲ್ಲು ಕಚ್ಚಿ ಸಹಿಸಿಕೊಂಡ. ಸಹಿಸದೆ ವಿಧಿಯಿರಲಿಲ್ಲ. ಅವನ ಅಪ್ಪ ಗೆರಾಸಿಮ್ ಹಳೆಯ ಕಾರಿನ ಬ್ರೇಕು ಹಿಡಿಯದೆ ಸತ್ತಂದಿನಿಂದ ಅಮ್ಮ ಪರಸ್ಕೀವ ಯಾವ ಕಾರಿಗೂ ಕಾಲಿಟ್ಟವಳಲ್ಲ. ಇವತ್ತು ಗುಡ್ಡದಾಚೆಯ ಊರಿನಲ್ಲಿ ಮೊಮ್ಮಗಳು ಇಲಿಂಕಾಳ ಮದುವೆ. ಭಾನುವಾರ, ಬಸ್ಸಿಲ್ಲ. ಅಜ್ಜಿ ಬರದಿದ್ದರೆ ತಲೆಗೆ ಮದುವೆಯ ಕಿರೀಟ ಇಡಿಸಿಕೊಳ್ಳುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಾಳೆ. "ಅಮ್ಮ, ಇದು ಅಪ್ಪನ ಕಾಲದ ಡಬ್ಬ ಅಲ್ಲ, ಎದುರಿಗೆ ಇಲಿ ಬಂದ್ರೂ ತಾನೇ ಬ್ರೇಕ್ ಹಾಕುತ್ತೆ," ಎಂದು ಆಂಗೆಲ್ ವಾರವಿಡೀ ಗೋಗರೆದ ಮೇಲೆ ಮುದುಕಿ ಒಪ್ಪಿದ್ದಳು. ಮೊದಲು ತೀರ್ಥ, ಆಮೇಲೆ ಕಾರು ಎಂಬುದೊಂದೇ ಅವಳ ಷರತ್ತು.

ಅಂತೂ ತೀರ್ಥ ಮುಗಿಯಿತು. ಪರಸ್ಕೀವ ಶಿಲುಬೆಯ ಗುರುತು ಮಾಡಿಕೊಂಡು, ಮುಂದಿನ ಸೀಟಿನಲ್ಲಿ ಕೂತು, ಕೈಚೀಲವನ್ನು ಎದೆಗವಚಿಕೊಂಡಳು. ಆಂಗೆಲ್ ಗುಂಡಿ ಒತ್ತಿದ. ಕಾರು ಗೇಣುದ್ದ ಸರಿದು ಗಕ್ಕನೆ ನಿಂತಿತು.

"ಗಮನಿಸಿ. ಮುಂದೆ ಒಬ್ಬ ವ್ಯಕ್ತಿ ಇದ್ದಾರೆ," ಎಂದು ಒಳಗಿನಿಂದ ಹೆಣ್ಣುದನಿಯೊಂದು ನಯವಾಗಿ ಹೇಳಿತು.

ಮುಂದೆ ತೆರೆದ ಗೇಟು, ಅದರಾಚೆ ಬರಿದಾದ ರಸ್ತೆ. ಒಂದು ಬಾತುಕೋಳಿಯೂ ಇರಲಿಲ್ಲ. ಆಂಗೆಲ್ ಇಳಿದು, ಮದುವೆಗೆಂದು ಇಸ್ತ್ರಿ ಮಾಡಿಸಿದ ಅಂಗಿಯ ತೋಳಿನಲ್ಲೇ, ತೀರ್ಥಕ್ಕೆ ತೊಯ್ದಿದ್ದ ಕಾರಿನ ಮುಂಭಾಗದ ಕ್ಯಾಮೆರಾ ಒರೆಸಿದ. ನೀರು ಗಾಜಿನ ಒಳಗೇ ಇಳಿದಿತ್ತೋ ಏನೋ, ಕಾರು ಮತ್ತೆ ಅದನ್ನೇ ಹೇಳಿತು.

"ನಾನಂತೂ ಅಲ್ಲಪ್ಪ," ಎಂದು ಪಾದ್ರಿ ಬಕೆಟ್ ಎತ್ತಿಕೊಂಡು ಪ್ಲಮ್ ಮರದ ಹಿಂದಕ್ಕೆ ಸರಿದ.

ಆರಿಸಿ ಮತ್ತೆ ಚಾಲೂ ಮಾಡಿದರೂ ಅದೇ ರಾಗ. ಆಂಗೆಲ್‌ಗೆ ರೇಗಿಹೋಯಿತು. "ಥೂ ನಿನ್ನ! ಇರೋರನ್ನ ನೋಡು ಅಂತ ತಂದ್ರೆ, ಇಲ್ಲದವರನ್ನ ನೋಡ್ತಾ ಕೂತಿದೆಯಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಮ್ಮನ ಕೈ ಆಗಲೇ ಬಾಗಿಲಿನ ಹಿಡಿಯ ಮೇಲಿತ್ತು. ಒಮ್ಮೆ ಇಳಿದಳೋ, ಮುಗಿಯಿತು. ಇನ್ನು ಜೋಡೆತ್ತು ಕಟ್ಟಿ ಎಳೆದರೂ ಹತ್ತುವವಳಲ್ಲ.

ಆದರೆ ಕೈ ಅಲ್ಲೇ ನಿಂತಿತು.

"ಇಲ್ಲದವರನ್ನಾ?" ಎಂದಳು ಪರಸ್ಕೀವ. ಚೀಲದಿಂದ ಕನ್ನಡಕ ತೆಗೆದು ಮೂಗಿಗೇರಿಸಿ, ಸ್ಕ್ರೀನಿನತ್ತ ಬಾಗಿದಳು. ಅಲ್ಲಿ ಕೆಂಪು ಗೆರೆಯಲ್ಲಿ ಬರೆದ ಒಂದು ಮನುಷ್ಯಾಕಾರ ಮಿನುಗುತ್ತಿತ್ತು. "ಎಡಭುಜ ಇಳಿದಿದೆ ನೋಡೋ. ನಿಮ್ಮಪ್ಪಂದೂ ಹಾಗೇ ಅಲ್ವಾ?"

"ಅಮ್ಮಾ, ಯಾರು ಬಂದ್ರೂ ಅದೇ ಚಿತ್ರ ಬರೋದು. ಹಸು ಬಂದ್ರೂ ಅದೇ."

"ನೀನು ಸುಮ್ನಿರು. ನಿಂಗೆ ನಿನ್ನ ಕಾರೂ ಗೊತ್ತಿಲ್ಲ, ನಿಮ್ಮಪ್ಪನೂ ಗೊತ್ತಿಲ್ಲ." ಮುದುಕಿ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು. "ಏನ್ರೀ ಇದು, ಗೇಟಿಗೆ ಅಡ್ಡ ನಿಂತಿದ್ದೀರಲ್ಲ! ನನ್ನ ಕರ್ಕೊಂಡು ಹೋಗ್ತಿರೋದು ನಿಮ್ಮ ಮಗ, ದಾರೀಲಿ ಹೋಗೋ ದಾಸಯ್ಯ ಅಲ್ಲ. ಬ್ರೇಕ್ ಹಿಡಿಯುತ್ತೋ ಇಲ್ವೋ ಅಂತ ತಾನೇ ನಿಮ್ಮ ಚಿಂತೆ? ಹಿಡೀತಲ್ಲ, ನಿಮ್ಮನ್ನ ನೋಡೇ ಹಿಡೀತಲ್ಲ! ಅಲ್ಲಿ ಮೊಮ್ಮಗಳು ಕಿರೀಟ ಇಡಿಸ್ಕೊಳ್ಳದೆ ಕಾಯ್ತಿದ್ದಾಳೆ. ಸರೀರಿ ಆ ಕಡೆ. ಬರೋ ಹಾಗಿದ್ರೆ ಬನ್ನಿ, ಹಿಂದೆ ಜಾಗ ಇದೆ."

ಬಿಸಿಲಿಗೆ ಹನಿ ಆರಿತೋ, ಜಾರಿತೋ, ಕೆಂಪು ಮನುಷ್ಯ ಮಾಯವಾದ. ಕಾರು ಬೆಣ್ಣೆಯ ಹಾಗೆ ಮುಂದೆ ಸರಿಯಿತು. ಮರದ ಹಿಂದೆ ಪಾದ್ರಿ ಟೋಪಿ ತೆಗೆದು ನಿಂತದ್ದು ಕನ್ನಡಿಯಲ್ಲಿ ಕಾಣಿಸಿತು. ಆಂಗೆಲ್‌ಗೆ ಹೋದ ಜೀವ ಬಂದಂತಾಯಿತು.

ಚರ್ಚು ದಾಟಿ ಗುಡ್ಡದ ತಿರುವು ಹಿಡಿದಿದ್ದರಷ್ಟೆ. ಟಿಂಗ್ ಟಿಂಗ್ ಎಂದು ಕಾರು ಹೊಸ ತಕರಾರು ಶುರುಮಾಡಿತು. ಹಿಂದಿನ ಸೀಟಿನಲ್ಲಿರುವವರು ಬೆಲ್ಟ್ ಹಾಕಿಲ್ಲವಂತೆ! ಆಂಗೆಲ್ ತಿರುಗಿ ನೋಡಿದ. ಯಾರಿದ್ದಾರೆ, ಮಣ್ಣು. ಪಾದ್ರಿಯ ತೀರ್ಥಕ್ಕೆ ಸೀಟು ತೊಪ್ಪನೆ ತೊಯ್ದಿತ್ತು, ಅಷ್ಟೆ. ಹಾಗೆಂದು ಹೇಳಲು ಬಾಯಿ ತೆರೆದ.

"ಬದುಕಿದ್ದಾಗಲೂ ಬೆಲ್ಟ್ ಅಂದ್ರೆ ಆಗ್ತಿರಲಿಲ್ಲ ಅವರಿಗೆ," ಎಂದಳು ಪರಸ್ಕೀವ, ಹಿಂದೆ ತಿರುಗದೆ. "ಉಸಿರು ಕಟ್ಟುತ್ತೆ ಅಂತಿದ್ರು." ಹೇಳುತ್ತಾ ಹೇಳುತ್ತಾ ನಗತೊಡಗಿದಳು. ಕೈಚೀಲ ಎದೆಯಿಂದ ಜಾರಿ ತೊಡೆಯ ಮೇಲೆ ಬಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಆಂಗೆಲ್ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದ. ಖಾಲಿ ಸೀಟಿಗೆ ಅಡ್ಡಲಾಗಿ ಬೆಲ್ಟ್ ಎಳೆದು ಸಿಕ್ಕಿಸಿದ. ಟಿಂಗ್ ಟಿಂಗ್ ನಿಂತಿತು. ಬಾಗಿಲು ಹಾಕಲು ಹೋದವನು ಒಂದು ಕ್ಷಣ ತಡೆದು, ಮತ್ತೆ ಬಾಗಿ, ಬೆಲ್ಟನ್ನು ಸ್ವಲ್ಪ ಸಡಿಲ ಮಾಡಿದ.