ಬಚ್ಚಲ ಹಿಂದಿನ ಗಡಿಗೆ

ಗದ್ದೆಮ್ಮ ಬಚ್ಚಲ ಹಿಂದೆ ಕುಕ್ಕರುಗಾಲಲ್ಲಿ ಕೂತು ನೆಲ ಅಗೆಯುತ್ತಿದ್ದಳು. ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದನ್ನೆಲ್ಲ ಕೇಳುವ ಹೆಂಗಸಲ್ಲ ಅವಳು.

ಅನುಮಾನ ಹುಟ್ಟಿಸಿದ್ದು ನಾಯಿಗಳು. ಮೊಮ್ಮಗನ ಮಾಸನ್ನು ಆಸ್ಪತ್ರೆಯಿಂದ ತಂದು ಇಲ್ಲೇ ಹೂತಿದ್ದೇನೆ ಎಂದು ಮಗ ಮಾನಪ್ಪ ಹೇಳಿದ್ದ. ಕೂಸಿನ ಹಿಂದೆ ಬೀಳುವ ಮಾಸು ಹೂತ ಜಾಗವನ್ನು ತಮ್ಮೂರು ಮುಕ್ಕುಂದದ ನಾಯಿಗಳು ಮೂಸದೆ ಬಿಟ್ಟದ್ದುಂಟೇ? ಇತ್ತ ಒಂದೂ ಸುಳಿದಿರಲಿಲ್ಲ.

ಗಡಿಗೆ ಸಿಕ್ಕಿತು. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಒಳಗೆ ಭತ್ತದ ಹೊಟ್ಟು, ಒಂದು ಇಟ್ಟಿಗೆ ಚೂರು.

ಗದ್ದೆಮ್ಮನ ಚೊಚ್ಚಲ ಮಗನ ಮಾಸನ್ನೂ ಹಿಂದೆ ಯಾರೋ ಹೀಗೇ ಕದ್ದಿದ್ದರು. ಆ ಕೂಸು ಬದುಕಲಿಲ್ಲ. ಅದರಿಂದಲೇ ಹೋಯಿತೆಂದು ಅವಳು ಇವತ್ತಿಗೂ ನಂಬಿದ್ದಳು. ಈಗ ಮೊಮ್ಮಗನ ಸರದಿ.

ಯಾರ ಕೆಲಸವೆಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಪಕ್ಕದ ಮನೆಯ ಕಸ್ತೂರೆಮ್ಮ. ಮದುವೆಯಾಗಿ ವರ್ಷಗಳಾದರೂ ಅವಳ ಮಡಿಲು ತುಂಬಿರಲಿಲ್ಲ; ಬೇರೆಯವರ ಕೂಸಿನ ಮಾಸು ಸಿಕ್ಕರೆ ತುಂಬುತ್ತದೆ ಎಂಬ ಮಾತು ಊರಲ್ಲಿತ್ತು. ಸೊಸೆ ಬಸ್ಸಮ್ಮನ ಹೆರಿಗೆಗೆ ಸಿಂಧನೂರಿನ ಆಸ್ಪತ್ರೆಯಲ್ಲಿ ಜೊತೆಗಿದ್ದವಳೂ ಅವಳೇ. ಗದ್ದೆಮ್ಮ ತಾನೇ ಇರುತ್ತಿದ್ದಳು. ಆದರೆ ತೊಂಬತ್ತೆಂಟರ ಆ ಸುಗ್ಗಿಯಲ್ಲಿ ಕಣ್ಣಿಗೆ ಭತ್ತದ ಗರಿ ಬಡಿದು, ಕರಿಗುಡ್ಡೆಯ ಮೇಲೆ ಹುಣ್ಣಾಗಿ, ಮಾಯದೆ, ಅವಳೂ ಅಲ್ಲೇ ಮಂಚ ಹಿಡಿದಿದ್ದಳು.

"ಕಣ್ಣಿಗೆ ಒಂದು ತೆಳ್ಳನ ಪದರ ಹೊಲೀತೀವಿ. ಬಳ್ಳಿಗೆ ಹಂದರ ಹಾಕಿದಂಗ. ಅದರ ಮ್ಯಾಲ ನಿನ್ನ ಕಣ್ಣಿನ ತೊಗಲು ತಾನಾ ಹಬ್ಬಿ ಬೆಳೀತೈತಿ" ಎಂದಿದ್ದರು ಹೈದರಾಬಾದಿನಲ್ಲಿ ಕಲಿತುಬಂದ ಡಾಕ್ಟರು ಅಖ್ತರಬೇಗಂ.

"ಸತ್ತವರದೇನ್ರಿ?" ಎಂದು ಗದ್ದೆಮ್ಮ ಹೆದರಿದ್ದಳು.

"ಇಲ್ಲ ಯವ್ವಾ, ಯಾರೂ ಸತ್ತಿಲ್ಲ. ನಾ ಎಲ್ಲಾ ಕೇಳೀನಿ" ಎಂದು ಮಾನಪ್ಪ ಅವಸರದಲ್ಲಿ ಮಾತು ಮುಗಿಸಿದ್ದ. ಕುರಿಯದ್ದಿರಬೇಕು ಎಂದುಕೊಂಡು ಅವಳು ಸುಮ್ಮನಾಗಿದ್ದಳು.

ಈಗ ಗಡಿಗೆಯನ್ನು ಪಡಸಾಲೆಗೆ ತಂದು ಸೊಸೆಯ ಮುಂದೆ ಕುಕ್ಕಿದಳು.

"ಮಾಸು ಎಲ್ಲೈತಿ?"

ಕೂಸಿಗೆ ಹಾಲೂಡಿಸುತ್ತಿದ್ದ ಬಸ್ಸಮ್ಮ ಬಿಳಿಚಿಕೊಂಡಳು. "ಅತ್ತಿ... ಹೊರಗಿನವರಿಗೆ ಹೋಗಿಲ್ರಿ ಅದು."

"ಕಸ್ತೂರೆಮ್ಮಗ ಕೊಟ್ಟೀ, ಹೌದಲ್ಲ?"

"ಕೂಸಿನಾಣಿ, ಇಲ್ರಿ."

"ಮತ್ಯಾರಿಗೆ ಕೊಟ್ಟೀ?"

ಬಸ್ಸಮ್ಮ ಬಾಗಿಲಲ್ಲಿ ನಿಂತಿದ್ದ ಗಂಡನತ್ತ ನೋಡಿದಳು. ಮಾನಪ್ಪ ತಲೆ ತಗ್ಗಿಸಿದ. ಅಂದರೆ ಅವನಿಗೂ ಗೊತ್ತು! ಸೊಸೆ ಹೊರಗಿನಿಂದ ಬಂದವಳು, ಹೋಗಲಿ. ಹೆತ್ತ ಮಗನೇ ಇಟ್ಟಿಗೆ ಚೂರು ಹೂತು ಹೆತ್ತವಳ ಕಣ್ಣಿಗೆ ಮಣ್ಣೆರಚಿದ್ದ.

ಗದ್ದೆಮ್ಮ ಅಂಗಳಕ್ಕೆ ಹೋಗಿ, ಕಸ್ತೂರೆಮ್ಮನ ಮನೆಯತ್ತ ತಿರುಗಿ ಒಂದು ಹಿಡಿ ಮಣ್ಣು ತೂರಿದಳು. "ನನ್ನ ಮೊಮ್ಮಗನ ಮಾಸು ಯಾರ ಪಾಲಾಗೈತೋ, ಅವರ ಕಣ್ಣು ಹಿಂಗಿ ಹೋಗ್ಲಿ!"

ಬಸ್ಸಮ್ಮ ಕೂಸನ್ನು ಗಂಡನ ಕೈಗಿತ್ತು ಓಡಿಬಂದು ಅತ್ತೆಯ ಬಾಯಿ ಮುಚ್ಚಿದಳು. "ಬ್ಯಾಡ್ರಿ ಅತ್ತಿ! ನಿಮ್ಮ ಕಾಲಿಗೆ ಬೀಳ್ತೀನಿ. ಬೇಕಾದ್ರ ನನ್ನ ಬೈರಿ, ಕಣ್ಣಿನ ಮಾತು ಆಡಬ್ಯಾಡ್ರಿ!"

ಕಳ್ಳಿಯ ಮೇಲೆ ಎಂಥ ಅಕ್ಕರೆ! ಗದ್ದೆಮ್ಮ ಆ ಕೈ ಕಿತ್ತೊಗೆದು ಇನ್ನೂ ಜೋರಾಗಿ ಅದೇ ಶಾಪ ಹಾಕಿದಳು. "ಕಣ್ಣಿನ ಪಟ್ಟಿ ಬಿಚ್ಚಿದ ಮ್ಯಾಲ ನಾ ನಿನ್ನ ಮಾರಿ ನೋಡಬಾರ್ದು. ನಿಮ್ಮ ತವರಿಗೆ ನಡಿ."

ಪಟ್ಟಿ ಬಿಚ್ಚುವ ದಿನ ಕೂಸನ್ನೆತ್ತಿಕೊಂಡು ಮೂವರೂ ಸಿಂಧನೂರಿಗೆ ಹೋದರು. ಬಸ್ಸಮ್ಮನ ಬಟ್ಟೆಯ ಗಂಟೂ ಜೊತೆಗಿತ್ತು. ಹಸಿ ಬಾಣಂತಿ ಅಲ್ಲಿಂದಲೇ ತವರೂರು ಜವಳಗೇರಾದ ಬಸ್ಸು ಹತ್ತಬೇಕಿತ್ತು.

ಅಖ್ತರಬೇಗಂ ಪಟ್ಟಿ ಬಿಚ್ಚಿದರು. ಮೊದಲು ಬರೀ ಮಬ್ಬು. ಆಮೇಲೆ ಡಾಕ್ಟರ ಬೆರಳು, ಕಿಟಕಿಯ ಸರಳು, ಸೊಸೆಯ ತೋಳಲ್ಲಿದ್ದ ಕೂಸಿನ ಮುಖ.

"ಕಾಣಸ್ತೈತೇನ್ರಿ ಅತ್ತಿ? ಖರೇನಾ?" ಬಸ್ಸಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ನಾಟಕ ಎಂದುಕೊಂಡು ಗದ್ದೆಮ್ಮ ಮುಖ ತಿರುಗಿಸಿದಳು.

ಅಖ್ತರಬೇಗಂ ನಕ್ಕು ಕೂಸಿನ ಗಲ್ಲ ಹಿಂಡಿದರು. "ನೋಡಪಾ, ಹೊಟ್ಟ್ಯಾಗ ನೀ ಹೊದ್ದಿದ್ದ ಮಾಸಿನ ಪದರ ನಿಮ್ಮಜ್ಜಿ ಕಣ್ಣಿಗೆ ಎಷ್ಟು ಚಂದ ಹತ್ತೈತಿ!"