ಖಾಲಿ ಬಿಟ್ಟ ಹೆಸರು

ಉಮಾಶ್ರೀ ರೊಟ್ಟಿ ಬಡಿದು ಹಂಚಿಗೆ ಹಾಕಿದ್ದಳಷ್ಟೆ, ಫೋನು ಬಡಕೊಳ್ಳತೊಡಗಿತು. ಕೈತುಂಬ ಜೋಳದ ಹಿಟ್ಟು. ಶಾಲೆಗೆ ಹೊರಟಿದ್ದ ಮಗಳು ಕಾವೇರಿ ಜಡೆಯ ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡೇ ಓಡಿಬಂದು, ಫೋನನ್ನು ಅವ್ವನ ಕಿವಿಗೆ ಹಿಡಿದಳು.

"ಉಮಕ್ಕಾ, ಇದೇನ ಮಾಡೀರಿ ಮಾರಾಯ್ತಿ!" ಮುಗದ ಊರಿನ ಆಶಾ ಕಾರ್ಯಕರ್ತೆ ಈರವ್ವನ ದನಿ. "ನಿನ್ನೆ ನೀವು ಫೋನಿಗೆ ಕಳಿಸಿದ ಲೆಕ್ಕದ ಚಿತ್ರಾ ನಳದ ಕಡೆ ಎಲ್ಲಾರಿಗೂ ಓದಿ ಹೇಳಿದೆ. ಊರಾಗಿನ ಅರ್ಧಕ್ಕರ್ಧ ಹೆಣ್ಮಕ್ಕಳು ಒಂಟಿ ಅಂತ ಬರದೀರಲ್ಲ! ಹುಲಿಗೆವ್ವ ಕೊಡಾ ಅಲ್ಲೇ ಬಿಟ್ಟು ಮನಿಗೆ ಓಡಿ ನೋಡಿ ಬಂದ್ಲು, ಗಂಡ ಅದಾನೋ ಇಲ್ಲೋ ಅಂತ. ಆಕಿ ಗಂಡ ದ್ಯಾಮಣ್ಣ ಕಟ್ಟಿ ಮ್ಯಾಲೆ ಕುಂತು ಆರಾಮ ಚಾ ಕುಡ್ಯಾಕತ್ತಿದ್ನಂತ."

ಉಮಾಶ್ರೀಗೆ ನಗು ಬರಲಿಲ್ಲ. ಅದು ಅವಳೇ ಮಾಡಿದ ಲೆಕ್ಕ. ಧಾರವಾಡದ ವಿಶ್ವವಿದ್ಯಾಲಯದಲ್ಲಿ, ಸಂಶೋಧನೆಗೆ ನೆರವಾಗುವವರಿಗೆಂದು ನಡೆದ ದತ್ತಾಂಶ ತರಬೇತಿಗೆ ಅವಳು ಸೇರಿದ್ದಳು. ಒಂಟಿ ಮಹಿಳೆಯರ ಬದುಕಿನ ಬಗ್ಗೆ ವಿದ್ಯಾರ್ಥಿಗಳು ಮುಗದದಲ್ಲಿ ಮನೆಮನೆಗೆ ಹೋಗಿ ತಂದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಹಸನು ಮಾಡುವುದು ಅವಳ ಪಾಲಿನ ಕೆಲಸ. ಗಂಡನ ಹೆಸರಿನ ಕಾಲಂ ಖಾಲಿ ಇದ್ದರೆ ಒಂಟಿ ಎಂದು ತಿಳಿ, ಎಂದು ಕಂಪ್ಯೂಟರಿಗೆ ಒಂದು ಸಾಲು ಬರೆದುಕೊಟ್ಟಿದ್ದಳು. ಅದು ಪಾಪ, ಹೇಳಿದಷ್ಟು ಮಾಡಿತ್ತು.

"ಹುಡುಗರು ಕೇಳಿದಾಗ ಹೆಸರು ಯಾಕ ಹೇಳ್ಲಿಲ್ಲ ಈರವ್ವಾ ಇವರು?"

"ಮೀಸಿ ಮೂಡದ ಹುಡುಗ್ರು ಪೆನ್ನು ಹಿಡಕೊಂಡು ಗಂಡನ ಹೆಸರು ಹೇಳ್ರಿ ಅಂದ್ರ ಯಾವಾಕಿ ಹೇಳ್ತಾಳ? ಸೆರಗು ಬಾಯಿಗೆ ಹಿಡದು ನಕ್ಕು ಒಳಗ ಹೋಗ್ತಾಳ. ಗಂಡನ ಹೆಸರು ಕೂಡಿಸಿ ಒಂದು ಒಡಪು ಹಾಕ್ರಿ ಅಂದಿದ್ರ ಹಾಡಿನ್ಹಂಗ ಹೇಳ್ತಿದ್ರು. ತಡೀರಿ. ಏ ಹುಲಿಗೆವ್ವಾ, ಹಾಕs ಒಂದು!"

ನೀರಿನ ಸಪ್ಪಳದ ನಡುವೆ ಒಂದು ಗಟ್ಟಿ ಕಂಠ ಕೇಳಿಬಂತು: "ಗದ್ದ್ಯಾಗ ಭತ್ತ, ಗಡಗ್ಯಾಗ ಮಜ್ಜಿಗಿ, ದ್ಯಾಮಣ್ಣ ಬಂದ್ರ ಬೆಳಕ ನಮ್ಮ ಬಾಗಲಿಗಿ! ಬರಕೋ ತಂಗಿ, ಅದಾನ ಅಂತ ಬರಕೋ!" ನಳದ ಸುತ್ತಲಿನವರೆಲ್ಲ ಹೋ ಎಂದು ನಕ್ಕರು. ಇತ್ತ ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆ ಎದ್ದಿತ್ತು. ಕಾವೇರಿ ಒಲೆ ಆರಿಸಿದಳು.

ಉಮಾಶ್ರೀ ಕೈ ತೊಳೆದುಕೊಂಡು, ತರಬೇತಿ ನಡೆಸುವ ಮಂದಾಕಿನಿ ಮೇಡಂಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಅಷ್ಟಕ್ಕ ಯಾಕ ಹೆದರ್ತೀರಿ? ಮಂಡನೆ ಕೊನೀಗೆ 'ಮಿತಿಗಳು' ಅಂತ ಒಂದು ಸಾಲು ಸೇರಿಸಿಬಿಡ್ರಿ," ಎಂದರು ಮೇಡಂ. "ಹನ್ನೊಂದಕ್ಕ ನಿಮ್ಮ ಸರದಿ. ಸಂಶೋಧನಾ ಸಹಾಯಕಿ ಜಾಗಾ ಒಂದs ಐತಿ, ಇವತ್ತಿನ ಮಂಡನೆ ನೋಡೇ ಆರಿಸ್ತಾರ. ತಪ್ಪಿಸಿಕೊಂಡ್ರ ನನ್ನ ಕೈಯಾಗ ಏನೂ ಇರಂಗಿಲ್ಲ."

ಆ ಜಾಗ ಸಿಕ್ಕರೆ ಮನೆ ನಡೆದೀತೆಂದು ಉಮಾಶ್ರೀ ನಂಬಿಕೊಂಡಿದ್ದಳು. ಆದರೂ ಹೇಳಿದಳು: "ಮೇಡಂ, ಅರ್ಧ ಊರಿನ ಗಂಡಂದಿರನ್ನ ಒಂದು ಸಾಲಿನ್ಯಾಗ ತಗದು ಹಾಕೇನಿ. ಇನ್ನೊಂದು ಸಾಲಿನ್ಯಾಗ ಅದನ್ನ ಹೆಂಗ ಮುಚ್ಚಲಿ? ಈ ಗದ್ದಲದಾಗ ಖರೇನ ಒಂಟಿ ಇದ್ದಾಕಿ ಯಾರ ಕಣ್ಣಿಗೂ ಬೀಳಂಗಿಲ್ಲ. ನಾ ಮುಗದಕ್ಕ ಹೋಗಿ ಕೇಳಿ ಬರ್ತೇನಿ."

"ಹೋದ್ರ ಹನ್ನೊಂದಕ್ಕ ಮುಟ್ಟಂಗಿಲ್ಲ ನೀವು."

"ಗೊತ್ತೈತ್ರಿ."

ಆಚೆ ಕಡೆ ನಿಟ್ಟುಸಿರು. "ಸಂಜಿ ಕೊನೀ ಸರದಿಗೆ ಹಾಕಿ ನೋಡ್ತೇನಿ. ಆರಿಸೋರು ಒಪ್ಪತಾರಂತ ಮಾತ್ರ ಹೇಳಲಾರೆ. ಲಗೂನ ಬರ್ರಿ."

ಉಮಾಶ್ರೀ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ, ಕಾವೇರಿಯನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯತೊಡಗಿದಳು. ಬಸ್ಸಿಗೆ ಹೊತ್ತಾಗುತ್ತಿದ್ದರೂ ಕೂದಲನ್ನು ಜಗ್ಗಲಿಲ್ಲ.

"ಅವ್ವಾ, ಕಂಪ್ಯೂಟರ್ ಸುಳ್ಳ ಹೇಳ್ತೇನು?"

"ಇಲ್ಲ ಪುಟ್ಟಿ. ಅದಕ್ಕ ಖಾಲಿ ಅಂದ್ರ ಎಲ್ಲಾ ಒಂದs. ಖರೇ ನೋಡಿದ್ರ ಖಾಲಿಯೊಳಗ ಎರಡು ಥರಾ. ಗಂಡ ಅದಾನ, ಹೆಸರು ಬಾಯಾಗ ಬರಂಗಿಲ್ಲ, ಅದೊಂದು. ಗಂಡನs ಇಲ್ಲ, ಅದೊಂದು."

"ಎರಡರಾಗ ಯಾವುದು ಅಂತ ಹೆಂಗ ತಿಳೀತದ?"

"ಹೋಗಿ ಕೇಳಬೇಕವ್ವಾ. ಬಾಯಿಬಿಟ್ಟು ಕೇಳಿದ್ರಷ್ಟs ತಿಳೀತದ."

ಕಾವೇರಿಯ ಕಣ್ಣು ಬಾಗಿಲ ಕಡೆ ಹೋಯಿತು. ಬಾಗಿಲ ಹಿಂದಿನ ಮೊಳೆಗೆ ಅಪ್ಪನ ಹೆಲ್ಮೆಟ್ಟು ನೇತಾಡುತ್ತಿತ್ತು. ತಾರಿಹಾಳದ ವರ್ಕ್‌ಶಾಪಿನ ಕೆಲಸ ಬಿಟ್ಟು, ಬೇರೆ ಕಡೆ ನೋಡಿಕೊಂಡು ಬರುತ್ತೇನೆಂದು ಹೋದ ಅಪ್ಪ ಎರಡು ದೀಪಾವಳಿ ಕಳೆದರೂ ಬಂದಿರಲಿಲ್ಲ. ಅವ್ವ ಮನೆ ಗುಡಿಸುವಾಗ ಆ ಹೆಲ್ಮೆಟ್ಟಿನ ಧೂಳನ್ನೂ ಸೆರಗಿನಿಂದ ಒರೆಸಿ ಮತ್ತೆ ಅದೇ ಮೊಳೆಗೆ ತೂಗುಹಾಕುತ್ತಿದ್ದಳು. ಮಗಳು ಅದನ್ನು ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಮಗಳು ಕೇಳದಿರುವುದು ಉಮಾಶ್ರೀಗೂ ಗೊತ್ತಿತ್ತು.

ಚೀಲ ಹೆಗಲಿಗೇರಿಸಿ, ಬೀಗ ಕೈಯಲ್ಲಿ ಹಿಡಿದು ಉಮಾಶ್ರೀ ಹೊರಗೆ ನಿಂತಳು. "ನಡಿ, ಹೊತ್ತಾತು."

ಕಾವೇರಿ ಚಪ್ಪಲಿ ಮೆಟ್ಟಿಕೊಂಡವಳು ಹೊಸ್ತಿಲು ದಾಟಲಿಲ್ಲ. ಹೆಲ್ಮೆಟ್ಟನ್ನೊಮ್ಮೆ, ಅವ್ವನ ಮುಖವನ್ನೊಮ್ಮೆ ನೋಡಿದಳು.

"ಅವ್ವಾ, ನೀನೂ ಅಪ್ಪನ ಹೆಸರು ಹೇಳಂಗಿಲ್ಲ. ನಮ್ಮನಿ ಖಾಲಿ ಯಾವ ಥರದ್ದು?"