ನೀಲವ್ವ ಕಳೆದುಕೊಂಡ ಹೊತ್ತು

ಮನೆಯಲ್ಲಿ ನಮ್ಮ ಹೊತ್ತನ್ನೆಲ್ಲ ಕಂಪ್ಯೂಟರೇ ಬರೆದಿಡುತ್ತದೆ. ಹೊರಗೆ ಹೋದವರು ಅಲ್ಲಿಯ ಹೊತ್ತು ನೆನಪಿರಲೆಂದು ತಮ್ಮ ಫೋನಿನಲ್ಲಿ ಗುಂಡಿ ಒತ್ತಿಕೊಳ್ಳಬೇಕು. ಒತ್ತದ ಹೊತ್ತು ಮನೆಯ ಹೊಸ್ತಿಲು ದಾಟಿ ಒಳಬಂದೊಡನೆ ಮರೆತುಹೋಗುತ್ತದೆ. ಸೂಲಗಿತ್ತಿಯಾದ ನಾನು ಬಸುರಿಯ ಫೋನು ಒತ್ತಿಯೇ ಹೆರಿಗೆಗೆ ಕೈ ತೊಳೆಯುವವಳು.

ಮೆಣಸಿನಕಾಯಿ ಬಿಡಿಸುತ್ತಿದ್ದ ನೀಲವ್ವನಿಗೆ ಹೊಲದಲ್ಲೇ ಹೆರಿಗೆಯಾಯಿತು. ಹತ್ತು ವರ್ಷ ಕಾದು ಪಡೆದ ಹೆಣ್ಣುಕೂಸು.

"ನನ್ನ ಕೈ ಕಚ್ಚಿದೆಲ್ಲ, ಹುಚ್ಚಿ!" ಎಂದೆ.

"ಇನ್ನೊಂದ ಸಲ ಕಚ್ಚತೀನಿ, ಆಯಿ," ಎಂದು ನಕ್ಕು ಕೂಸಿಗೆ ಮುತ್ತಿಟ್ಟಳು.

ಅದನ್ನು ಎದೆಗವಚಿಕೊಂಡೇ ಮನೆಯೊಳಗೆ ಕಾಲಿಟ್ಟಳು. ಅಲ್ಲೇ ನಿಂತಳು.

"ಆಯಿ, ಇದ್ಯಾರ ಕೂಸು?"

ಹೊಲದ ಗಡಿಬಿಡಿಯಲ್ಲಿ ನಾನು ನನ್ನ ಫೋನನ್ನಷ್ಟೇ ಒತ್ತಿದ್ದೆ.

"ನಿಂದ ಐತಿ, ಯವ್ವಾ," ಅನ್ನುವುದರೊಳಗೆ ಅವಳು ಕೂಸನ್ನು ನನ್ನ ಕೈಗೆ ತುರುಕಿ, ಹೊಟ್ಟೆ ಮುಟ್ಟಿ ನೋಡಿಕೊಂಡು ಚೀರಿದಳು:

"ನನ್ನ ಕೂಸ ಎಲ್ಲಿ?"